ಗಂಡ-ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದಾ?

ಪ್ರಶ್ನೆ: ನಾನು ಉಡುಪಿಯಲ್ಲಿ ಬ್ಯಾಂಕ್ ಉದ್ಯೋಗಿ. ಸಂಬಳ ವರ್ಷಕ್ಕೆ 11.40 ಲಕ್ಷ. ಗಂಡನಿಗೆ ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ, 19 ಲಕ್ಷ. ಮದುವೆಯಾಗಿ ಎರಡು ವರ್ಷ. ಕುಂಜಿಬೆಟ್ಟಿನಲ್ಲಿ ಇಬ್ಬರ ಹೆಸರಲ್ಲೂ ಫ್ಲ್ಯಾಟ್ ತಗೊಂಡು ಅಲ್ಲೇ ಇದ್ದೇವೆ. ಕಂತು ಗಂಡನ ಖಾತೆಯಿಂದ ಹೋಗುತ್ತದೆ. ಕಾರ್ಕಳದ ಹತ್ತಿರ ತಾಯಿ ಮನೆಯ ಪಾಲಿನಲ್ಲಿ ನನಗೆ ಬಂದ ಅಡಿಕೆ ತೋಟವಿದೆ, ಖರ್ಚು ಕಳೆದು ವರ್ಷಕ್ಕೆ ಸುಮಾರು 3 ಲಕ್ಷ ಉಳಿಯುತ್ತದೆ. ನಾದಿನಿ ಅಮೆರಿಕದಲ್ಲಿದ್ದಾಳೆ. ಅವಳೂ ಅವಳ ಗಂಡನೂ ಸೇರಿ ಒಂದೇ ರಿಟರ್ನ್ ಹಾಕುತ್ತಾರಂತೆ, ತುಂಬಾ ಉಳಿಯುತ್ತದಂತೆ. ನಮಗೂ ಹಾಗೆ ಆಗುತ್ತದಾ? ಇಲ್ಲವಾದರೆ ಗಂಡನ ಹೆಸರಲ್ಲಿರುವ 15 ಲಕ್ಷದ ಎಫ್‌ಡಿ ನನ್ನ ಹೆಸರಿಗೆ ಮಾಡಿಸಿದರೆ ಟ್ಯಾಕ್ಸ್ ಉಳಿಯುತ್ತದೆ ಎಂದು ಮಾವ ಹೇಳುತ್ತಾರೆ. ಸರಿಯಾ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಆಗುವುದಿಲ್ಲ. ನಮ್ಮ ದೇಶದಲ್ಲಿ ಗಂಡನಿಗೊಂದು ಪ್ಯಾನ್, ಹೆಂಡತಿಗೊಂದು ಪ್ಯಾನ್, ಇಬ್ಬರಿಗೂ ಬೇರೆ ಬೇರೆ ರಿಟರ್ನ್. ಮದುವೆಯಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. 2025ರ ಬಜೆಟ್‌ಗೆ ಮುಂಚೆ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ, ದಂಪತಿಗೆ ಬೇಕಿದ್ದರೆ ಜಂಟಿ ರಿಟರ್ನ್ ಹಾಕಲು ಬಿಡಿ ಎಂದು ಸಲಹೆ ಕೊಟ್ಟಿತ್ತು. ಆ ಬಜೆಟ್‌ನಲ್ಲಿ ಅದು ಬರಲಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳೆಲ್ಲ ಬದಲಾಗುತ್ತವೆ, ಈ ವಿಷಯ ಮಾತ್ರ ಹಾಗೇ ಇದೆ. ಇಲ್ಲಿ ನಾನು ಕೊಡುವ ಲೆಕ್ಕ 2025-26ರ ಹಣಕಾಸು ವರ್ಷದ್ದು, ಸೆಕ್ಷನ್ ನಂಬರ್ 1961ರ ಕಾಯ್ದೆಯದ್ದು.

ಜಂಟಿ ರಿಟರ್ನ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವ ಮುಂಚೆ, ನಿಮ್ಮ ನಾದಿನಿಗೆ ಯಾಕೆ ಉಳಿಯುತ್ತದೆ ಎಂದು ನೋಡಿ. ಅಮೆರಿಕದಲ್ಲಿ 1948ರಿಂದ ದಂಪತಿಗೆ ಈ ಅನುಕೂಲ ಇದೆ. ಇಬ್ಬರ ಆದಾಯ ಕೂಡಿಸಿ, ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾದ ಸ್ಲ್ಯಾಬ್‌ನಲ್ಲಿ (ಇಷ್ಟು ಆದಾಯಕ್ಕೆ ಇಷ್ಟು ದರ ಎಂಬ ಹಂತಗಳಲ್ಲಿ) ತೆರಿಗೆ ಹಾಕುತ್ತಾರೆ. 2025ರಲ್ಲಿ ಅಲ್ಲಿ ಒಬ್ಬರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ಕೇಳದೆ ಆದಾಯದಿಂದ ಕಳೆಯುವ ಮೊತ್ತ) 15,750 ಡಾಲರ್, ಜಂಟಿಯಾಗಿ ಹಾಕಿದರೆ 31,500.

ಗಂಡ ಒಬ್ಬನೇ 1,20,000 ಡಾಲರ್ ದುಡಿಯುತ್ತಾನೆ, ಹೆಂಡತಿ ಮನೆಯಲ್ಲಿದ್ದಾಳೆ ಎಂದುಕೊಳ್ಳಿ. ಜಂಟಿಯಾಗಿ ಹಾಕಿದರೆ ಫೆಡರಲ್ ತೆರಿಗೆ 10,143 ಡಾಲರ್. ಅವನೊಬ್ಬನೇ ಬೇರೆಯಾಗಿ ಹಾಕಿದರೆ 17,867. ಏಳೂವರೆ ಸಾವಿರ ಡಾಲರ್‌ಗಿಂತ ಜಾಸ್ತಿ ವ್ಯತ್ಯಾಸ. ಅದೇ ಮನೆಯಲ್ಲಿ ಇಬ್ಬರೂ ತಲಾ 60,000 ದುಡಿದರೆ? ಜಂಟಿಯಾಗಿ ಹಾಕಿದರೂ 10,143. ಬೇರೆ ಬೇರೆ ಹಾಕಿದರೂ ಇಬ್ಬರದ್ದು ಸೇರಿ 10,143. ಒಂದು ಡಾಲರ್ ಕೂಡ ಆಚೀಚೆ ಇಲ್ಲ.

ಅಂದರೆ ಲಾಭ ಇರುವುದು ಆದಾಯ ಏರುಪೇರಾಗಿರುವ ಮನೆಯಲ್ಲಿ. ಇಬ್ಬರೂ ಸರಿಸುಮಾರು ಒಂದೇ ದುಡಿಯುವಲ್ಲಿ ಸ್ಲ್ಯಾಬ್‌ನಿಂದ ಏನೂ ಸಿಗುವುದಿಲ್ಲ. ಜಂಟಿ ರಿಟರ್ನ್‌ಗೆ ಇಬ್ಬರೂ ಸಹಿ ಹಾಕಿದರೆ ಇಡೀ ತೆರಿಗೆಗೆ ಇಬ್ಬರೂ ಹೊಣೆ. ಗಂಡ ಆದಾಯ ಮುಚ್ಚಿಟ್ಟರೆ ನೋಟಿಸ್ ಹೆಂಡತಿಗೂ ಬರುತ್ತದೆ. ಈ ಮಾತನ್ನು ಅಲ್ಲಿಂದ ಫೋನ್ ಮಾಡುವವರು ಯಾರೂ ಹೇಳುವುದಿಲ್ಲ!

ಈಗ ನಿಮ್ಮ ಮನೆಗೆ ಬರೋಣ. ತೋಟದ ವಿಷಯ ಆಮೇಲೆ, ಸದ್ಯ ಸಂಬಳ ಮಾತ್ರ. ಹೊಸ ಪದ್ಧತಿಯಲ್ಲಿ (ವಿನಾಯಿತಿಯೂ ಕಡಿಮೆ, ದರವೂ ಕಡಿಮೆ ಇರುವ ಲೆಕ್ಕ) ಸಂಬಳದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗುತ್ತದೆ. ನಿಮ್ಮದು 10.65 ಲಕ್ಷಕ್ಕೆ ಇಳಿಯುತ್ತದೆ. 12 ಲಕ್ಷದ ಒಳಗೆ ಇರುವುದರಿಂದ ರಿಬೇಟ್ (ಬಂದ ತೆರಿಗೆಯಲ್ಲೇ ಬಿಟ್ಟುಕೊಡುವ ಮೊತ್ತ) ಸಿಕ್ಕಿ ತೆರಿಗೆ ಸೊನ್ನೆ. ನಿಮ್ಮವರದ್ದು 18.25 ಲಕ್ಷ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಆಮೇಲೆ ನಾಲ್ಕು ನಾಲ್ಕು ಲಕ್ಷಕ್ಕೆ ಶೇ 5, 10, 15, 20 ಅಂತ ಏರುತ್ತಾ ಹೋಗಿ ಒಟ್ಟು 1,65,000 ಆಗುತ್ತದೆ. ತೆರಿಗೆಯ ಮೇಲೆ ಹಾಕುವ ಸೆಸ್ ಸೇರಿ 1,71,600.

ಅಮೆರಿಕದ ಹಾಗೆ ಇಲ್ಲಿಯೂ ಜಂಟಿ ರಿಟರ್ನ್ ಬಂತು, ಸ್ಲ್ಯಾಬ್ ಎರಡು ಪಟ್ಟು ಆಯಿತು, ರಿಬೇಟ್ ಮಿತಿಯೂ 24 ಲಕ್ಷಕ್ಕೆ ಏರಿತು ಎಂದೇ ಇಟ್ಟುಕೊಳ್ಳಿ. ನಿಮ್ಮಿಬ್ಬರದ್ದು ಕೂಡಿಸಿದರೆ 28.90 ಲಕ್ಷ. 24 ಲಕ್ಷ ದಾಟಿತು, ರಿಬೇಟ್ ಕೈಬಿಟ್ಟಿತು. ತೆರಿಗೆ 1,93,500, ಸೆಸ್ ಸೇರಿ 2,01,240. ಈಗ ಕಟ್ಟುವುದಕ್ಕಿಂತ 29,640 ರೂಪಾಯಿ ಜಾಸ್ತಿ! ನಿಮ್ಮ ಹಾಗೆ ಒಬ್ಬರು 12 ಲಕ್ಷದ ಒಳಗೆ, ಇನ್ನೊಬ್ಬರು ಅದಕ್ಕಿಂತ ಸಾಕಷ್ಟು ಮೇಲೆ ಇರುವ ಎಷ್ಟೋ ಮನೆಗಳಿಗೆ ಈಗಿನ ಬೇರೆ ಬೇರೆ ಲೆಕ್ಕವೇ ವಾಸಿ. ಒಬ್ಬರೇ ದುಡಿಯುವ ಮನೆಯವರು ಜಂಟಿ ರಿಟರ್ನ್ ಬೇಕು ಎಂದು ಕೇಳುವುದರಲ್ಲಿ ಅರ್ಥವಿದೆ. ನೀವು ಕೇಳಬೇಕಾಗಿಲ್ಲ.

ಭಾರತದಲ್ಲಿ ಗಂಡ-ಹೆಂಡತಿಯ ಆದಾಯವನ್ನು ಸಮನಾಗಿ ಹಂಚುವ ಜಾಗವೇ ಇಲ್ಲ ಅಂತಲ್ಲ. ಕಾರವಾರ ದಾಟಿ ಗೋವಾಕ್ಕೆ ಹೋದರೆ ಪೋರ್ಚುಗೀಸ್ ಸಿವಿಲ್ ಕೋಡ್ ಇನ್ನೂ ಇದೆ. ಅದರ ಅಡಿಯಲ್ಲಿ ಬರುವ ದಂಪತಿಗೆ ಬಾಡಿಗೆ, ಬಡ್ಡಿ, ವ್ಯಾಪಾರದ ಲಾಭ ಎಲ್ಲ ಅರ್ಧ ಅರ್ಧ. 1961ರ ಕಾಯ್ದೆಯ 5ಎ ಸೆಕ್ಷನ್ ಹಾಗೆ ಹೇಳುತ್ತದೆ. ಆದರೆ ಸಂಬಳ ಅವರವರದ್ದೇ, ರಿಟರ್ನ್ ಕೂಡ ಎರಡೇ. ಗೋವಾದಲ್ಲಿ ಮನೆ ಬಾಡಿಗೆಗೆ ಹಿಡಿದ ಮಾತ್ರಕ್ಕೆ ಇದು ನಿಮಗೆ ಅನ್ವಯಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರಿದ್ದಾರೆ.

ಮಾವನವರ ಉಪಾಯಕ್ಕೆ ಬರುತ್ತೇನೆ. ಅವರನ್ನು ದೂರುವುದಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಎಲ್ಲ ಹುಟ್ಟಿದ ಅವಿಭಜಿತ ಜಿಲ್ಲೆ ನಮ್ಮದು. ಪಿಗ್ಮಿ ಶುರುವಾದ ಊರು. ಠೇವಣಿಯನ್ನು ಮನೆಯವರ ಹೆಸರಿಗೆಲ್ಲ ಹಂಚಿ ಇಡುವುದು ಇಲ್ಲಿ ಹಳೆಯ ರೂಢಿ. ಆದರೆ ಗಂಡ ಹೆಂಡತಿಗೆ ಸುಮ್ನೆ ಕೊಟ್ಟ ದುಡ್ಡಿನಿಂದ ಬರುವ ಆದಾಯವನ್ನು ಕಾಯ್ದೆ ಗಂಡನ ಆದಾಯ ಅಂತಲೇ ಎಣಿಸುತ್ತದೆ. ಹೆಂಡತಿ ಗಂಡನಿಗೆ ಕೊಟ್ಟರೂ ಹೀಗೇ. ಇದಕ್ಕೆ ಕ್ಲಬ್ಬಿಂಗ್ ಎನ್ನುತ್ತಾರೆ, 64ನೇ ಸೆಕ್ಷನ್. ಕೊಡುವುದಕ್ಕೆ ಅಡ್ಡಿಯಿಲ್ಲ. 15 ಲಕ್ಷ ನಿಮ್ಮ ಖಾತೆಗೆ ಬಂದರೆ ಅದಕ್ಕೆ ತೆರಿಗೆಯೂ ಇಲ್ಲ. ಅದರ ಬಡ್ಡಿ ಮಾತ್ರ ನಿಮ್ಮವರ ರಿಟರ್ನ್‌ಗೆ ಹೋಗಬೇಕು. ಠೇವಣಿ ಪತ್ರದಲ್ಲಿ ಹೆಸರು ಯಾರದ್ದು ಎಂದು ಇಲಾಖೆ ನೋಡುವುದಿಲ್ಲ, ದುಡ್ಡು ಯಾರದ್ದು ಎಂದು ನೋಡುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ ಬಡ್ಡಿಯನ್ನು ನೀವು ಮತ್ತೆ ಎಲ್ಲಾದರೂ ಹೂಡಿದರೆ, ಬಡ್ಡಿಯ ಮೇಲೆ ಬಂದ ಬಡ್ಡಿ ನಿಮ್ಮದೇ. ಹಾಗಾಗಿ ಹದಿನೈದು-ಇಪ್ಪತ್ತು ವರ್ಷ ಕಳೆದರೆ ಒಂದಿಷ್ಟು ಆದಾಯ ನ್ಯಾಯವಾಗಿಯೇ ನಿಮ್ಮ ಕಡೆಗೆ ಸರಿದಿರುತ್ತದೆ. ಮೂಲ ಠೇವಣಿಯ ಬಡ್ಡಿ ಮಾತ್ರ ಕೊನೆಯವರೆಗೂ ಅವರದ್ದೇ. ಮದುವೆಗೆ ಮುಂಚೆ ಕೊಟ್ಟದ್ದಕ್ಕೆ ಈ ನಿಯಮ ತಾಗುವುದಿಲ್ಲ. ಕೊಡುವಾಗಲೂ ಆದಾಯ ಬರುವಾಗಲೂ ಗಂಡ-ಹೆಂಡತಿ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ನಿಮ್ಮ ಮದುವೆ ಆಗಿ ಎರಡು ವರ್ಷವಾಯಿತು, ಆ ಬಾಗಿಲು ಮುಚ್ಚಿದೆ.

"ಅದೆಲ್ಲ ಯಾರು ನೋಡುತ್ತಾರೆ" ಎಂದು ಮಾವ ಕೇಳಬಹುದು. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ನಿಮ್ಮ ಎಐಎಸ್ (ವರ್ಷದ ಆದಾಯ, ವಹಿವಾಟಿನ ಪಟ್ಟಿ) ತೆರೆಯಿರಿ. ಬ್ಯಾಂಕ್‌ನಲ್ಲಿ ಇರುವ ನಿಮಗೆ ಇದು ಗೊತ್ತಿರುತ್ತದೆ, ಆದರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು, ಯಾವ ಕಂಪನಿ ಎಷ್ಟು ಡಿವಿಡೆಂಡ್ ಕೊಟ್ಟಿತು, ಯಾವ ಮ್ಯೂಚುವಲ್ ಫಂಡ್ ಯಾವಾಗ ಮಾರಿದಿರಿ, ಎಲ್ಲ ಸಾಲಾಗಿ ಬಂದಿರುತ್ತದೆ. 15 ಲಕ್ಷಕ್ಕೆ ಶೇ 7ರಂತೆ ಬಡ್ಡಿ 1,05,000. ವರ್ಷಕ್ಕೆ 50,000 ದಾಟಿದ್ದರಿಂದ ಬ್ಯಾಂಕ್ ಶೇ 10 ಟಿಡಿಎಸ್ (ಕೊಡುವ ಮುಂಚೆಯೇ ಹಿಡಿಯುವ ತೆರಿಗೆ), ಅಂದರೆ 10,500 ಹಿಡಿಯುತ್ತದೆ. ಹಿಡಿದದ್ದು ಮೊದಲ ಹೆಸರಿನವರ ಪ್ಯಾನ್‌ಗೆ. ಆ ಎಂಟ್ರಿ ನಿಮ್ಮ ಎಐಎಸ್‌ನಲ್ಲಿ ಕೂರುತ್ತದೆ. 15 ಲಕ್ಷ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದರೆ ಉತ್ತರ ಗಂಡನ ಖಾತೆಯ ಸ್ಟೇಟ್‌ಮೆಂಟ್‌ನಲ್ಲೇ ಇದೆ.

ಸೊಸೈಟಿಯಲ್ಲಿ ಇಟ್ಟರೆ ಗೊತ್ತಾಗುವುದಿಲ್ಲ ಎನ್ನುವ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಟಿಡಿಎಸ್ ಹಿಡಿಯದಿದ್ದರೆ ತೆರಿಗೆ ಇಲ್ಲ ಅಂತಲ್ಲ ಮಾರಾಯ್ರೇ. ನೀವೇ ಲೆಕ್ಕ ಹಾಕಿ ಕಟ್ಟಬೇಕು ಅಂತ ಅಷ್ಟೇ.

ಇನ್ನು ನಿಮ್ಮ ತೋಟ. ಮಾವನವರ ಲೆಕ್ಕ ತಪ್ಪುವುದು ನಿಜವಾಗಿ ಇಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ ಅದು 5,000 ದಾಟಿದ್ದರೆ, ಬೇರೆ ಆದಾಯಕ್ಕೆ ಎಷ್ಟು ದರ ಎಂದು ನೋಡುವಾಗ ಅದನ್ನೂ ಸೇರಿಸಿ ಎಣಿಸುತ್ತಾರೆ. ನಿಮ್ಮ 10.65 ಲಕ್ಷಕ್ಕೆ ತೋಟದ 3 ಲಕ್ಷ ಸೇರಿಸಿದರೆ 13.65 ಲಕ್ಷ, ಅದರ ತೆರಿಗೆ 84,750. ಇದರಿಂದ 7 ಲಕ್ಷದ (ತೋಟದ 3 ಲಕ್ಷ, ತೆರಿಗೆ ಇಲ್ಲದ ಮೊದಲ 4 ಲಕ್ಷ) ಮೇಲಿನ ತೆರಿಗೆ 15,000 ಕಳೆಯಬೇಕು. ಉಳಿದದ್ದು 69,750. ರಿಬೇಟ್ ಗರಿಷ್ಠ ಎಂದರೆ 60,000. ಹಾಗಾಗಿ 9,750 ಉಳಿಯಿತು, ಸೆಸ್ ಸೇರಿ 10,140 ರೂಪಾಯಿ ಕಟ್ಟಬೇಕು. 12 ಲಕ್ಷದ ಒಳಗೆ ಇದ್ದೇನೆ, ನನಗೆ ಸೊನ್ನೆ ಎಂದುಕೊಂಡಿರುವ ಎಷ್ಟೋ ಮಂದಿ ಶಿಕ್ಷಕರು, ಬ್ಯಾಂಕ್‌ನವರು ಅಡಿಕೆ ತೋಟ ಇದ್ದರೆ ಇಲ್ಲಿ ಎಡವುತ್ತಾರೆ. ಕೃಷಿ ಆದಾಯ 5,000ಕ್ಕಿಂತ ಜಾಸ್ತಿ ಇದ್ದರೆ ಐಟಿಆರ್-1 ಹಾಕುವ ಹಾಗೂ ಇಲ್ಲ, ಐಟಿಆರ್-2 ಹಾಕಬೇಕು. ಅಡಿಕೆ ಮಾರಿದ ಚೀಟಿ, ಗೊಬ್ಬರ, ಕೂಲಿ, ಮದ್ದು ಸಿಂಪಡಿಸಿದ ಖರ್ಚು ಎಲ್ಲದಕ್ಕೂ ಕಾಗದ ಇಟ್ಟುಕೊಳ್ಳಿ. ಇನ್ನೂ ಲೆಕ್ಕಕ್ಕೆ ಬರದ ಖರ್ಚು ಇದ್ದರೆ, ಅದನ್ನು ತೋರಿಸಿದಷ್ಟೂ ಆ 3 ಲಕ್ಷ ಕಡಿಮೆಯಾಗುತ್ತದೆ, ಎರಡು ಲಕ್ಷಕ್ಕೆ ಇಳಿದರೆ ನಿಮ್ಮ ತೆರಿಗೆ ಮತ್ತೆ ಸೊನ್ನೆ.

ಈಗ ಎಫ್‌ಡಿ ಬಡ್ಡಿ ನಿಮ್ಮ ಹೆಸರಲ್ಲಿ ತೋರಿಸಿದಿರಿ, ಯಾರೂ ಕೇಳಲಿಲ್ಲ ಎಂದೇ ಇಟ್ಟುಕೊಳ್ಳಿ. ನಿಮ್ಮ ತೆರಿಗೆ 10,140ರಿಂದ 26,520ಕ್ಕೆ ಏರುತ್ತದೆ, ಅಂದರೆ 16,380 ಜಾಸ್ತಿ. ಅದೇ ಬಡ್ಡಿ ಗಂಡನ ಹೆಸರಲ್ಲಿದ್ದರೆ ಅವರಿಗೆ ಬೀಳುವುದು 21,840. ಉಳಿಯುವುದು 5,460 ರೂಪಾಯಿ. ಇಷ್ಟಕ್ಕಾಗಿ ಇಬ್ಬರ ರಿಟರ್ನ್‌ನಲ್ಲೂ ಸುಳ್ಳು ಬರೆಯಬೇಕಾ? ಎಫ್‌ಡಿ ಇದ್ದಲ್ಲೇ ಇರಲಿ.

ತೋಟ ನಿಮಗೆ ತಾಯಿ ಮನೆಯ ಪಾಲಿನಲ್ಲಿ ಬಂದದ್ದು. ಅದು ಗಂಡ ಕೊಟ್ಟದ್ದಲ್ಲವಾದ್ದರಿಂದ ಕ್ಲಬ್ಬಿಂಗ್ ಪ್ರಶ್ನೆಯೇ ಇಲ್ಲ. ತಾಯಿ ಹಾಕಿದ ಚಿನ್ನಕ್ಕೂ ಇದೇ ಮಾತು. ಆರ್‌ಟಿಸಿ ಇನ್ನೂ ಕುಟುಂಬದ ಹಿರಿಯರ ಹೆಸರಲ್ಲೇ ಇದ್ದರೆ ಪಾಲಾದ ಪತ್ರ ತೆಗೆದಿಡಿ, ನಿಮ್ಮ ಪಾಲು ಎಷ್ಟು ಎಂದು ತೋರಿಸಲು ಅದು ಬೇಕಾಗುತ್ತದೆ.

ಹಾಗಾದರೆ ನ್ಯಾಯವಾಗಿ ಏನು ಮಾಡಬಹುದು? ನಾನು ದಂಪತಿಗಳಿಗೆ ಹೇಳುವುದು ಮುಖ್ಯವಾಗಿ ಒಂದು. ಮನೆ ಖರ್ಚೆಲ್ಲ ಜಾಸ್ತಿ ತೆರಿಗೆ ಕಟ್ಟುವವರ ಸಂಬಳದಿಂದ ಹೋಗಲಿ. ಕಂತು, ಕರೆಂಟ್ ಬಿಲ್, ಮೀನು-ತರಕಾರಿ, ಪೆಟ್ರೋಲ್, ನಾಳೆ ಮಗುವಾದರೆ ಶಾಲೆ ಫೀಸ್, ಎಲ್ಲ. ಕಡಿಮೆ ತೆರಿಗೆಯವರ ಸಂಬಳ ಹೂಡಿಕೆಗೆ ಹೋಗಲಿ. ಗಂಡ ಮನೆ ಖರ್ಚು ಮಾಡಿದರೆ ಅದು ಹೆಂಡತಿಗೆ ಕೊಟ್ಟ ಆಸ್ತಿಯಲ್ಲ. ನಿಮ್ಮ ಸಂಬಳದಿಂದ ನೀವು ಹೂಡಿದ್ದರ ಆದಾಯ ಪೂರ್ತಿ ನಿಮ್ಮದೇ. ಯಾವ ಸೆಕ್ಷನ್ ಕೂಡ ಇದನ್ನು ಮುಟ್ಟುವುದಿಲ್ಲ. ಹೂಡಿಕೆ ನೇರವಾಗಿ ನಿಮ್ಮ ಸಂಬಳದ ಖಾತೆಯಿಂದಲೇ ಹೋಗಬೇಕು ಅಷ್ಟೇ. ಇಬ್ಬರ ಸಂಬಳವೂ ಬಂದು ಬೀಳುವ ಜಂಟಿ ಖಾತೆಯಿಂದ ಹೋದರೆ, ಐದು ವರ್ಷದ ನಂತರ ಯಾರ ದುಡ್ಡು ಯಾವುದು ಎಂದು ಬಿಡಿಸಲು ನಿಮಗೇ ಆಗುವುದಿಲ್ಲ.

ನಿಮಗೆ ರಿಬೇಟ್ ಮಿತಿ ಹತ್ತಿರ ಇರುವುದರಿಂದ ಬಡ್ಡಿಗಿಂತ ಈಕ್ವಿಟಿ ಮ್ಯೂಚುವಲ್ ಫಂಡ್ ಅಥವಾ ಪಿಪಿಎಫ್ ವಾಸಿ. ಈಕ್ವಿಟಿ ಫಂಡ್ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಈ ಮಿತಿ ಒಬ್ಬೊಬ್ಬರಿಗೆ. ಇಬ್ಬರೂ ತಮ್ಮ ತಮ್ಮ ದುಡ್ಡಿನಿಂದ ಹೂಡಿದ್ದರೆ ಮನೆಗೆ ಎರಡೂವರೆ ಲಕ್ಷ. ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲದ ಕಾರಣ ಅಲ್ಲಿ ಗಂಡನ ದುಡ್ಡು ನಿಮ್ಮ ಖಾತೆಗೆ ಹಾಕಿದರೂ ಕ್ಲಬ್ಬಿಂಗ್‌ನಿಂದ ತೊಂದರೆ ಇಲ್ಲ.

ನಿಮ್ಮವರಿಗೆ ಒಂದು ಕೆಲಸ. ಕಂಪನಿಯ ಎಚ್‌ಆರ್ ಹತ್ತಿರ ಎನ್‌ಪಿಎಸ್ (ಪಿಂಚಣಿ ಉಳಿತಾಯ ಯೋಜನೆ) ಇದೆಯಾ ಎಂದು ಕೇಳಲಿ. ಕಂಪನಿ ಕಡೆಯಿಂದ ಕಟ್ಟುವ ಎನ್‌ಪಿಎಸ್‌ಗೆ ಮೂಲ ವೇತನದ ಶೇ 14ರವರೆಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಮೂಲ ವೇತನ 8 ಲಕ್ಷ ಇದ್ದು, ಇದೇ 19 ಲಕ್ಷದ ಒಳಗೆ 1.12 ಲಕ್ಷ ಹಾಗೆ ಹೋದರೆ 23,296 ರೂಪಾಯಿ ತೆರಿಗೆ ಉಳಿಯುತ್ತದೆ. ಮಾವನವರ ಉಪಾಯಕ್ಕಿಂತ ನಾಲ್ಕು ಪಟ್ಟು ಜಾಸ್ತಿ, ಅದೂ ಕಾನೂನು ಪ್ರಕಾರವೇ. ದುಡ್ಡು ಮಾತ್ರ ನಿವೃತ್ತಿವರೆಗೆ ಬಹುಪಾಲು ಕೈಗೆ ಸಿಗುವುದಿಲ್ಲ, ಅದನ್ನು ಯೋಚಿಸಿ.

ಹಳೆ ಪದ್ಧತಿ, ಹೊಸ ಪದ್ಧತಿ ಆಯ್ಕೆಯೂ ಇಬ್ಬರದ್ದು ಬೇರೆ ಬೇರೆ. ಮನೆ ಸಾಲ ಇದೆ ಎಂದ ತಕ್ಷಣ ಹಳೆಯದಕ್ಕೆ ಹಾರಬೇಡಿ. ನಿಮ್ಮವರು ಸಾಲದ ಬಡ್ಡಿ 2 ಲಕ್ಷ, 80ಸಿ (ಪಿಎಫ್, ಜೀವ ವಿಮೆಯಂಥ ಉಳಿತಾಯ) 1.5 ಲಕ್ಷ, ಎನ್‌ಪಿಎಸ್ 50,000, ಆರೋಗ್ಯ ವಿಮೆ 25,000 ಎಲ್ಲ ಪೂರ್ತಿ ತೋರಿಸಿದರೂ ಹಳೆ ಪದ್ಧತಿಯಲ್ಲಿ ಸೆಸ್ ಬಿಟ್ಟು 2,40,000 ಬರುತ್ತದೆ. ಹೊಸದರಲ್ಲಿ 1,65,000. ಹಳೆಯದು ಸಮಕ್ಕೆ ಬರಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 6.75 ಲಕ್ಷದ ವಿನಾಯಿತಿ ಬೇಕು. ಸ್ವಂತ ಮನೆಯಲ್ಲಿ ಇರುವವರಿಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಇಲ್ಲದೆ ಅಷ್ಟು ಕೂಡುವುದಿಲ್ಲ.

ಫ್ಲ್ಯಾಟ್ ಬಗ್ಗೆ ಸದ್ಯಕ್ಕೆ ಚಿಂತೆ ಇಲ್ಲ. ನೀವೇ ವಾಸವಿದ್ದೀರಿ, ಇಬ್ಬರೂ ಹೊಸ ಪದ್ಧತಿಯಲ್ಲಿದ್ದರೆ ಬಡ್ಡಿಗೆ ವಿನಾಯಿತಿ ಯಾರಿಗೂ ಇಲ್ಲ, ಜಗಳವೂ ಇಲ್ಲ. ಮುಂದೆ ಅದನ್ನು ಬಾಡಿಗೆಗೆ ಕೊಟ್ಟರೆ ಆಗ ಪ್ರಶ್ನೆ ಬರುತ್ತದೆ. ಪತ್ರದಲ್ಲಿ ಅರ್ಧ ನಿಮ್ಮದು ಎಂದಿದ್ದರೂ ದುಡ್ಡೆಲ್ಲ ಅವರದ್ದಾದರೆ ಬಾಡಿಗೆಯೂ ಅವರ ಆದಾಯವೇ ಆಗುತ್ತದೆ. ಅರ್ಧ ಬಾಡಿಗೆ ನಿಮ್ಮ ಲೆಕ್ಕಕ್ಕೆ ಬರಬೇಕಾದರೆ ನಿಮ್ಮ ಕಡೆಯಿಂದಲೂ ನಿಜವಾಗಿ ದುಡ್ಡು ಹೋಗಿರಬೇಕು, ಸಾಲದಲ್ಲೂ ನಿಮ್ಮ ಹೆಸರು ಇರಬೇಕು. ಖರ್ಚೆಲ್ಲ ಗಂಡನ ಸಂಬಳದಿಂದ ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ವಿರುದ್ಧ. ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಈಗಿನಿಂದಲೇ ಕಂತಿನಲ್ಲಿ ನಿಮ್ಮ ಪಾಲು ಹಾಕಿ, ಇಲ್ಲದಿದ್ದರೆ ಬೇಡ. ಫ್ಲ್ಯಾಟ್‌ನ ಬೆಲೆ 50 ಲಕ್ಷ ಅಥವಾ ಮೇಲಿದ್ದರೆ, ಮಾರಿದವರ ಹೆಸರಲ್ಲಿ ಶೇ 1 ಟಿಡಿಎಸ್ ಕಟ್ಟುವಾಗ 26ಕ್ಯೂಬಿ ಅರ್ಜಿ ಇಬ್ಬರ ಪ್ಯಾನ್‌ನಿಂದಲೂ ಬೇರೆ ಬೇರೆ ಹೋಗಿತ್ತಾ ಎಂದು ಒಮ್ಮೆ ನೋಡಿಕೊಳ್ಳಿ. ಒಬ್ಬರೇ ಕಟ್ಟಿ ಬಿಟ್ಟಿರುವುದು ಮಾಮೂಲಿ.

ಗಲ್ಫ್‌ನಲ್ಲಿ ಗಂಡ, ಊರಲ್ಲಿ ಹೆಂಡತಿ ಇರುವ ಮನೆಯವರಿಗೂ ಒಂದು ಮಾತು ಸೇರಿಸುತ್ತೇನೆ. ಗಂಡನ ಎನ್‌ಆರ್‌ಇ (ಅನಿವಾಸಿಗಳು ವಿದೇಶದ ದುಡಿಮೆ ಇಡುವ ಖಾತೆ) ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಅದೇ ದುಡ್ಡು ಹೆಂಡತಿಯ ಸಾಮಾನ್ಯ ಖಾತೆಗೆ ಬಂದು ಎಫ್‌ಡಿ ಆದರೆ ಬಡ್ಡಿ ಗಂಡನ ಆದಾಯಕ್ಕೆ ಸೇರಿ ತೆರಿಗೆಗೆ ಬರುತ್ತದೆ. ಅನಿವಾಸಿಗಳಿಗೆ ಆ 12 ಲಕ್ಷದ ರಿಬೇಟ್ ಕೂಡ ಸಿಗುವುದಿಲ್ಲ. ಖರ್ಚಿಗೆ ಬೇಕಾದಷ್ಟು ಕಳಿಸಿ ಉಳಿದದ್ದನ್ನು ಎನ್‌ಆರ್‌ಇಯಲ್ಲೇ ಇಡುವುದು ಒಳ್ಳೆಯದು.

ಕೊನೆಗೆ, ಮಾವನವರ ಮಾತಿನಂತೆ ಎಫ್‌ಡಿ ಈಗಾಗಲೇ ನಿಮ್ಮ ಹೆಸರಿಗೆ ಆಗಿಬಿಟ್ಟಿದ್ದರೆ ಗಾಬರಿ ಬೇಡ. ಅವಧಿ ಮುಗಿಯುವ ಮುಂಚೆ ಮುರಿದು ಬಡ್ಡಿ ಕಳೆದುಕೊಳ್ಳಬೇಡಿ. ಬಡ್ಡಿಯನ್ನು ಗಂಡನ ಐಟಿಆರ್-2ರಲ್ಲಿ ಎಸ್‌ಪಿಐ ಷೆಡ್ಯೂಲ್‌ನಲ್ಲಿ (ಹೆಂಡತಿಯಂಥವರ ಹೆಸರಲ್ಲಿ ಬಂದ ಆದಾಯ ಸೇರಿಸುವ ಭಾಗ) ತೋರಿಸಿ. ನಿಮ್ಮ ಎಐಎಸ್‌ನಲ್ಲಿ ಆ ಎಂಟ್ರಿಗೆ "ಬೇರೆ ಪ್ಯಾನ್‌ಗೆ ಸೇರಿದ್ದು" ಎಂದು ಉತ್ತರ ಕೊಡಿ. ಹಿಡಿದ 10,500 ಟಿಡಿಎಸ್ ಗಂಡನ ಲೆಕ್ಕಕ್ಕೆ ಹೋಗುವ ಹಾಗೆ ಬ್ಯಾಂಕ್‌ಗೆ ಬರೆದು ಕೊಡಬಹುದು, ನಿಯಮ 37ಬಿಎ ಅದಕ್ಕೇ ಇದೆ. ಬಡ್ಡಿಯ ಮೇಲೆ ಅವರ ತೆರಿಗೆ 21,840, ಟಿಡಿಎಸ್ ಕಳೆದರೆ 11,340. ಬಾಕಿ 10,000 ದಾಟಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ಕ್ಕೆ. ಈ ತಲೆನೋವು ಬೇಡ ಎಂದಾದರೆ ಈ ಬಡ್ಡಿ ಆದಾಯವನ್ನು ಅವರು ಕಂಪನಿಯ ಪೇರೋಲ್‌ಗೆ ಮೊದಲೇ ತಿಳಿಸಲಿ. ತಿಂಗಳ ಸಂಬಳದಲ್ಲೇ ಅಷ್ಟಿಷ್ಟು ಹಿಡಿದುಕೊಳ್ಳುತ್ತಾರೆ.